ಲೆಪಾನಿ ತಂದ ಕಾರ್ಡು

ಕನ್ವರ್ಟರ್ ಕೆಟ್ಟದ್ದು ಹಡಗಿನ ಎಲೆಕ್ಟ್ರಿಷಿಯನ್ ಇನೋಕೆಯ ಕಿವಿಗೆ ಮೊದಲು ತಿಳಿಯಿತು. ಕೆಳಗಿನ ಡೆಕ್ಕಿನಲ್ಲಿ ಕೂತು ಪಂಪಿನ ವೈರು ಬದಲಾಯಿಸುತ್ತಿದ್ದವನು, ಬೆಳಿಗ್ಗೆಯಿಂದ ಜೀರುಂಡೆಯ ಹಾಗೆ ಒಂದೇ ಸಮನೆ ಹಾಡುತ್ತಿದ್ದ ಸದ್ದು ಥಟ್ಟನೆ ನಿಂತದ್ದನ್ನು ಕೇಳಿ ಸ್ಕ್ರೂಡ್ರೈವರ್ ಕೆಳಗಿಟ್ಟ. ಜನರೇಟರುಗಳು ಓಡುತ್ತಲೇ ಇದ್ದವು, ಹಡಗಿನ ದೀಪಗಳೂ ಉರಿಯುತ್ತಿದ್ದವು. ನಿಂತದ್ದು ಅದೊಂದೇ.

‘ರಾರಾಮಾ’ ಕಣ್ಣಿನ ಆಸ್ಪತ್ರೆಯ ಹಡಗು. ಅದು ಹುಟ್ಟಿದ್ದು ಜಪಾನಿನಲ್ಲಿ; ಅದರ ಜನರೇಟರುಗಳ ಕರೆಂಟು ಸೆಕೆಂಡಿಗೆ ಅರವತ್ತು ಸಲ ಮಿಡಿಯುತ್ತದೆ. ಮೇಲಿನ ಡೆಕ್ಕಿನಲ್ಲಿ ಕೂರಿಸಿದ ಆಸ್ಪತ್ರೆಯ ಯಂತ್ರಗಳೆಲ್ಲ ದ್ವೀಪನಾಡಿನ ರಾಜಧಾನಿ ಸುವಾದಲ್ಲಿ ಕೊಂಡವು, ಅವಕ್ಕೆ ಐವತ್ತೇ ಬೇಕು. ಈ ಎರಡಕ್ಕೂ ಹೊಂದಾಣಿಕೆ ಮಾಡಿಸುವುದು ಕನ್ವರ್ಟರ್ ಎಂಬ, ಬೀರುವಿನಷ್ಟು ಎತ್ತರದ ಆ ಕಬ್ಬಿಣದ ಪೆಟ್ಟಿಗೆ. ಫ್ಯಾನು ಬಿಟ್ಟರೆ ಅದರೊಳಗೆ ತಿರುಗುವ ಭಾಗ ಒಂದೂ ಇಲ್ಲ. ಬಂದ ಕರೆಂಟನ್ನು ಮೊದಲು ಏರಿಳಿತವಿಲ್ಲದ ಹಾಗೆ ನೇರ ಮಾಡಿಕೊಂಡು, ಆಮೇಲೆ ಹೊಸದಾಗಿ ತುಂಡರಿಸಿ, ಐವತ್ತರ ತಾಳಕ್ಕೆ ಕೂರಿಸಿ ಮೇಲಕ್ಕೆ ಕಳಿಸುತ್ತದೆ. ಅದು ನಿಂತರೆ ಶಸ್ತ್ರಗಳನ್ನು ಕುದಿಸಿ ಶುದ್ಧ ಮಾಡುವ ಯಂತ್ರ ನಿಲ್ಲುತ್ತದೆ, ಆಪರೇಷನ್ ಕೋಣೆಯ ತಂಪು ನಿಲ್ಲುತ್ತದೆ, ಎಲ್ಲವೂ ನಿಲ್ಲುತ್ತದೆ.

ಇನೋಕೆ ಸ್ವಿಚ್ಚು ಆರಿಸಿ, ಪೆಟ್ಟಿಗೆಯ ಬಾಗಿಲು ತೆಗೆದು, ಒಳಗೆ ಉಳಿದ ವಿದ್ಯುತ್ತು ಇಳಿಯುವವರೆಗೆ ಕೈಕಟ್ಟಿ ನಿಂತ. ಮೀಟರು ಸೊನ್ನೆ ತೋರಿಸಿದ ಮೇಲೆ ಟಾರ್ಚು ಹಾಕಿ ನೋಡಿದ. ಒಳಗಿನ ಸ್ವಿಚ್ಚುಗಳಿಗೆ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಹೇಳುವ ಅಂಗೈಯಗಲದ ಹಸಿರು ಕಾರ್ಡು, ಒಂದು ಮೂಲೆಯಲ್ಲಿ ಸುಟ್ಟು ಕಪ್ಪಾಗಿತ್ತು. ಡಿಸೆಂಬರಿನ ಸೆಖೆ, ಉಪ್ಪು ಗಾಳಿ, ಇಂಥದ್ದು ಆಗುವುದೇ. ಅದಕ್ಕೆಂದೇ ಹಡಗಿನಲ್ಲಿ ಇನ್ನೊಂದು ಕಾರ್ಡು ಇಟ್ಟಿರುತ್ತಾರೆ. ಆ ಇನ್ನೊಂದು ಈಗ ಇರಲಿಲ್ಲ. ಅದನ್ನು ಕೊಟ್ಟುಬಿಟ್ಟವನು ಅವನೇ.

ಕೊಟ್ಟದ್ದು ಲೆಪಾನಿಗೆ. ಲೆಪಾನಿ ಅವನ ತಂಗಿ ವಾಸಿತಿಯ ಗಂಡ. ದ್ವೀಪದಿಂದ ದ್ವೀಪಕ್ಕೆ ಜನರನ್ನೂ ಸಾಮಾನನ್ನೂ ಸಾಗಿಸುವ ಫೆರಿಯೊಂದರ ಎಂಜಿನಿಯರು. ‘ರಾರಾಮಾ’ ಇನ್ನೂ ಸುವಾದ ಬಂದರು ವಾಲು ಬೇಯ ಕಟ್ಟೆಯಲ್ಲಿದ್ದಾಗ ಒಂದು ಮಧ್ಯಾಹ್ನ ಕೆಸುವಿನ ಗೆಡ್ಡೆಯ ಕಟ್ಟು ಹೆಗಲಿಗೇರಿಸಿಕೊಂಡು ಹಡಗು ಹತ್ತಿ ಬಂದಿದ್ದ.

“ಏನ್ ಭಾವಾ, ಡಾಕ್ಟ್ರುಗಳ ಜೊತೆ ಇದ್ದೂ ಇದ್ದೂ ನೀನೂ ಬೆಳ್ಳಗಾಗ್ತಿದೀಯಲ್ಲ!”

“ನಿಮ್ಮೂರ್ನೋರ ಹಾಗೆ ಇಡೀ ದಿನ ಬಿಸಿಲಲ್ಲಿ ಬಿದ್ಕೊಂಡಿದ್ರೆ ನಾನೂ ಕರ್ರಗೇ ಇರ್ತಿದ್ದೆ. ಗೆಡ್ಡೆ ಯಾಕೆ ತಂದೆ? ಏನ್ ಕೀಳ್ಬೇಕು ಅಂತ ಬಂದಿದೀಯ?”

“ತಂಗೀನೇ ಕಿತ್ಕೊಂಡ್ ಹೋದೋನು ನಾನು. ಇನ್ನೇನ್ ಉಳ್ದಿದೆ ನಿಮ್ಮನೇಲಿ?”

ಭಾವಮೈದುನರು ಎಂದರೆ ಅಲ್ಲಿ ಹೀಗೆಯೇ; ಒಬ್ಬರ ಕಾಲನ್ನೊಬ್ಬರು ಎಳೆಯದಿದ್ದರೆ ಜಗಳವಾಗಿದೆ ಎಂದೇ ಲೆಕ್ಕ. ಆದರೆ ಲೆಪಾನಿ ನಗುವುದನ್ನು ನಿಲ್ಲಿಸಿ ನೆಲದ ಮೇಲೆ ಕೂತ. ಅವನ ಫೆರಿಯಲ್ಲೂ ಇಂಥದೇ ಕನ್ವರ್ಟರು, ಇಲ್ಲಿಯದನ್ನು ಕೂರಿಸಿದ ಆಕ್ಲೆಂಡಿನ ಕಂಪನಿಯೇ ಕೂರಿಸಿದ್ದು, ಕಾರ್ಡು ಸುಟ್ಟಿತ್ತು. ಮೀನು ಇಡುವ ತಂಪು ಕೋಣೆ ಅದರಿಂದಲೇ ನಡೆಯಬೇಕು.

“ಕೆರೆಕೆರೆ, ಭಾವ,” ಎಂದ ಮೆಲ್ಲಗೆ. “ಆಕ್ಲೆಂಡಿಂದ ನಂದು ಹೊರಟಿದೆ. ನೀವು ಲಂಗರು ಎತ್ತೋದ್ರೊಳಗೆ ನಿನ್ ಕೈಲಿ ಇಡ್ತೀನಿ.”

ನೆಂಟನೊಬ್ಬ ಕೆರೆಕೆರೆ ಎಂದು ಬಾಯಿಬಿಟ್ಟು ಬೇಡಿದ ಮೇಲೆ ಇಲ್ಲವೆಂದವರನ್ನು ಆ ನಾಡಿನಲ್ಲಿ ಯಾರೂ ಮನುಷ್ಯರೆನ್ನುವುದಿಲ್ಲ. ಇನೋಕೆ ಕೊಟ್ಟ. ಕ್ಯಾಪ್ಟನ್ನಿಗೆ ಹೇಳಲಿಲ್ಲ, ಹೇಗೂ ವಾಪಸು ಬರುತ್ತದಲ್ಲ ಎಂದುಕೊಂಡ. ಆಕ್ಲೆಂಡಿನ ಪಾರ್ಸೆಲ್ಲು ಬರಲಿಲ್ಲ, ಲೆಪಾನಿಯ ಫೆರಿ ಹೊರಟುಹೋಯಿತು, ‘ರಾರಾಮಾ’ ಕೂಡ ಹೊರಟಿತು. ಹೊರಡುವ ದಿನ ಬೆಳಿಗ್ಗೆಯಾದರೂ ಹೇಳಬಹುದಿತ್ತು. ಕ್ಯಾಪ್ಟನ್ ಎದುರಿಗೇ ಚಹಾ ಕುಡಿಯುತ್ತಿದ್ದ. ಇನೋಕೆ ತನ್ನ ಚಹಾ ಮುಗಿಸಿ ಕೆಳಗಿಳಿದ.

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಡಾಕ್ಟರ್ ವಿನೀತಾ ಗೌಂಡರ್ ಹಸಿರು ಟೋಪಿಯಲ್ಲೇ ಇಳಿದು ಬಂದರು. ಹಣೆಯಿಂದ ಬೆವರು ಇಳಿಯುತ್ತಿತ್ತು.

“ಟೇಬಲ್ ಮೇಲಿದ್ದವರದು ಬ್ಯಾಟರಿ ದೀಪದಲ್ಲಿ ಮುಗಿಸ್ದೆ. ದೇವ್ರು ದೊಡ್ಡೋನು. ಎಷ್ಟು ಹೊತ್ತು ಹಿಡಿಯುತ್ತೆ ಇನೋಕೆ?”

“ಕಾರ್ಡ್ ಸುಟ್ಟಿದೆ ಡಾಕ್ಟ್ರೇ.”

“ಸ್ಪೇರ್ ಹಾಕಿ ಮತ್ತೆ.”

“ಇಲ್ಲ… ಸ್ಪೇರ್ ಇಲ್ಲ. ಸ್ಟೋರಿನಿಂದ ಬಂದೇ ಇಲ್ಲ.”

“ಬಂದಿಲ್ವಾ? ದೇವನ್ ಅವರು ಎಲ್ಲಾ ಕೊಟ್ಟಿದೀನಿ ಅಂದಿದ್ರಲ್ಲ!”

“ವಯಸ್ಸಾಯ್ತಲ್ಲ ಅವರಿಗೆ. ಮರ್ತಿರ್ಬೇಕು.”

ಮಾತು ಬಾಯಿಂದ ಜಾರಿ ಹೋದಮೇಲೆ ಇನೋಕೆಗೆ ತನ್ನ ಬಾಯಿಯೇ ಬೇರೆಯವರದೆನಿಸಿತು. ಸುವಾದ ಸ್ಟೋರು ನೋಡಿಕೊಳ್ಳುವ ದೇವನ್ ಮುದುಕ ಆ ಕಾರ್ಡನ್ನು ಮಗುವನ್ನು ಸುತ್ತುವ ಹಾಗೆ ಬಟ್ಟೆಯಲ್ಲಿ ಸುತ್ತಿ, ಕೈಯಾರೆ ಅವನಿಗೆ ಕೊಟ್ಟಿದ್ದ. ಡಾಕ್ಟರು ತುಟಿ ಕಚ್ಚಿಕೊಂಡು ಮೇಲೆ ಹೋದರು. ಸ್ವಲ್ಪ ಹೊತ್ತಿಗೆ ರೇಡಿಯೋ ಕೋಣೆಯಿಂದ ಅವರ ದನಿ ಏರಿದ್ದು ಕೆಳಗಿನವರೆಗೂ ಕೇಳಿಸಿತು.

ಕ್ಯಾಪ್ಟನ್ ಅವನನ್ನು ದಡಕ್ಕೆ ಕಳಿಸಿದ. ಹಡಗು ಲಂಗರು ಹಾಕಿದ್ದ ದ್ವೀಪದ ವನುವಾಕುಲಾ ಹಳ್ಳಿಯ ಸಣ್ಣ ಜನರೇಟರು ಉಪಯೋಗಕ್ಕೆ ಬಂದೀತೇ ನೋಡಿ ಬಾ ಎಂದ. ಅದು ಹತ್ತಾರು ಬಲ್ಬು ಉರಿಸುವ ಯಂತ್ರ, ಕುದಿಸುವ ಯಂತ್ರದ ಭಾರಕ್ಕೆ ಕೆಮ್ಮಿ ಸಾಯುವಂಥದ್ದು. ನೋಡದೆಯೇ ಗೊತ್ತಿತ್ತು ಅವನಿಗೆ. ಆದರೂ ಹೋದ, ಹಡಗಿನಲ್ಲಿರಲು ಆಗುತ್ತಿರಲಿಲ್ಲ.

ಊರ ಸಭೆಯ ಮನೆಯಲ್ಲಿ ಆಪರೇಷನ್ನಿಗೆ ಕಾಯುತ್ತಿದ್ದವರು ಚಾಪೆಗಳ ಮೇಲೆ ತುಂಬಿದ್ದರು. ಕೆಲವರು ಬೇರೆ ದ್ವೀಪಗಳಿಂದ ದೋಣಿಯಲ್ಲಿ ಬಂದವರು. ಪೊರೆ ಕಟ್ಟಿದ ಕಣ್ಣುಗಳು ಬಾಗಿಲ ಬೆಳಕಿಗೆ ತಿರುಗಿದವು. ಎಲ್ಲರಿಗಿಂತ ಮುಂದೆ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಇಸ್ತ್ರಿ ಮಾಡಿದ ಹೂವಿನ ಬಟ್ಟೆ ಉಟ್ಟು ಕೂತಿದ್ದವಳು ತಾರೈವಿನಿ ಎಂಬ ಅಜ್ಜಿ. ಕರೆಂಟು ಹೋದಾಗ ಮುಂದಿನ ಸರದಿ ಅವಳದೇ ಇತ್ತು.

“ಯಾರದು ಹೆಜ್ಜೆ? ಬೂಟ್ಸ್ ಹಾಕಿದೀಯ, ಹಡಗಿನೋನು. ಯಾರ ಮಗ ನೀನು?”

ಹೇಳಿದ. ಅವಳು ಅವನ ತಾಯಿಯ ಊರಿನ ದಾರಿ ಹಿಡಿದು, ಒಂದು ಮದುವೆಯ ಕೊಂಬೆಗೆ ಹೋಗಿ, ಅಲ್ಲಿಂದ ಇಳಿದು, “ಹಾಗಾದ್ರೆ ನಾನು ನಿಂಗೆ ಅಜ್ಜಿಯೇ ಆಗ್ಬೇಕು. ಕೂತ್ಕೋ,” ಎಂದಳು.

“ಅಜ್ಜೀ, ಯಂತ್ರ ಕೆಟ್ಟಿದೆ.”

“ಹೇಳಿದ್ರು. ಕೆಡೋದೇ ಯಂತ್ರದ ಕೆಲ್ಸ. ಮೊಮ್ಮಗನ್ ಮುಖ ನೋಡ್ಬೇಕು ಅಂತ ಎಲ್ರೂ ಅಂತಾರೆ, ನಂಗೇನು ಆ ಆಸೆ ಇಲ್ಲ, ಅವನ ದನೀಲೇ ಗೊತ್ತಾಗುತ್ತೆ ಅವನು ಅಪ್ಪನ ಹಾಗೇ ಸೋಮಾರಿ ಅಂತ. ನಂಗೆ ನನ್ ಚಾಪೆ ನೋಡ್ಬೇಕು. ಕಣ್ಣು ಹೋದ್ಮೇಲೆ ಬೆರಳಲ್ಲೇ ನೇಯ್ತಿದೀನಿ. ಕರೀ ಪಟ್ಟಿ ನೆಟ್ಟಗಿದೆಯಾ ಅಂತ ಸೊಸೇನ ಕೇಳಿದ್ರೆ, ‘ಚೆನ್ನಾಗಿದೆ ಅತ್ತೆ, ಚೆನ್ನಾಗಿದೆ ಅತ್ತೆ.’ ಸುಳ್ಳಿ! ದನಿ ಕೇಳಿದ್ರೆ ಗೊತ್ತಾಗಲ್ವಾ?”

ಪಕ್ಕದಲ್ಲಿದ್ದ ಸೊಸೆ ನಕ್ಕಳು. ಸುತ್ತಲಿನವರೂ ನಕ್ಕರು. ಅಜ್ಜಿ ಕೈ ಚಾಚಿ ಇನೋಕೆಯ ಮೊಣಕಾಲು ಹುಡುಕಿ ತಟ್ಟಿದಳು.

“ನೀನ್ಯಾಕೆ ಉಸಿರು ಹಿಡ್ಕೊಂಡಿದೀಯ ಮಗಾ? ನಿಂದೇನ್ ತಪ್ಪಿದೆ ಇದ್ರಲ್ಲಿ? ಮುಂದಿನ್ ವರ್ಷ ಬರ್ತೀರಲ್ಲ. ಬದುಕಿದ್ರೆ ನೋಡೋಣ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆ ಕೈಯ ಬಿಸಿ ಮೊಣಕಾಲಿನಲ್ಲೇ ಉಳಿದು, ದೋಣಿ ಹಡಗಿಗೆ ತಾಗುವವರೆಗೂ ಸುಡುತ್ತಿತ್ತು. ಹಡಗು ಹತ್ತಿದವನು ನೇರ ಡಾಕ್ಟರ ಬಳಿಗೆ ಹೋಗಿ, ಕಾರ್ಡು ಸ್ಟೋರಿನಿಂದ ಬಂದಿತ್ತೆಂದೂ ತಾನು ಯಾರಿಗೆ ಕೊಟ್ಟೆನೆಂದೂ ನಿಂತಲ್ಲೇ ಹೇಳಿಬಿಟ್ಟ.

ಡಾಕ್ಟರು ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸಿದರು.

“ದೇವನ್ ಅವರನ್ನ ನಾನು ಆಗ್ಲೇ ಬೈದಾಯ್ತು. ಮುದುಕರು. ಅವರು ಎದುರು ಮಾತಾಡ್ಲೂ ಇಲ್ಲ, ‘ಮರ್ತೆ ಅನ್ಸುತ್ತೆ ಅಮ್ಮಾ’ ಅಂದ್ರು. ತಾವು ಕೊಟ್ಟಿದ್ದನ್ನೇ ಕೊಟ್ಟಿಲ್ಲ ಅಂತ ನಂಬ್ಕೊಂಡ್ಬಿಟ್ರು.” ಕನ್ನಡಕ ಹಾಕಿಕೊಂಡರು. “ಆ ಕಾರ್ಡ್ ಈಗ ಎಲ್ಲಿದೆ? ನಾಳಿದ್ದು ನಾವು ಇಲ್ಲಿಂದ ಹೊರಡ್ಲೇಬೇಕು, ಉತ್ತರದಲ್ಲಿ ಗಾಳಿ ಕಟ್ತಿದೆ. ಅಷ್ಟರೊಳಗೆ ತರ್ಸಕ್ಕಾಗುತ್ತಾ ನೋಡಿ. ಉಳಿದಿದ್ದೆಲ್ಲ ಆಮೇಲೆ.”

ಲೆಪಾನಿಯ ಫೆರಿ ತೀರ ದೂರವಿರಲಿಲ್ಲ. ಅವನದೇ ಊರಾದ ಮತಾಸಾವಾ ದ್ವೀಪದ ಮುಂದೆ, ಕ್ರಿಸ್ಮಸ್ಸಿಗೆ ಮೊದಲಿನ ಮೀನು ತುಂಬಿಸಿಕೊಂಡು ನಿಂತಿತ್ತು. ರೇಡಿಯೋದಲ್ಲಿ ಅವನ ದನಿ ಗೊರಗೊರ ಬಂತು.

“ಏನಪ್ಪಾ ಡಾಕ್ಟರ್ ಭಾವ! ನನ್ನ ನೆನೆಸ್ಕೊಂಡು ಅಳು ಬಂತಾ?”

“ಲೆಪಾನಿ, ಆ ಕಾರ್ಡ್ ಬೇಕು.”

“ಕೊಟ್ಟಿದ್ದನ್ನ ವಾಪಸ್ ಕೇಳ್ತಿದೀಯಾ? ಇಡೀ ಲಾವು ದ್ವೀಪಗಳೇ ಕೇಳಿಸ್ಕೊಳ್ತಿವೆ ಕಣೋ, ರೇಡಿಯೋದಲ್ಲಿ ನಿಮ್ಮ ಮನೆತನದ ಮಾನ ಹರಾಜು!”

ಯಾವುದೋ ದೋಣಿಯಲ್ಲಿ ಕೇಳುತ್ತಿದ್ದವರು ಯಾರೋ ನಗುವುದೂ ಕೇಳಿಸಿತು. ಇನೋಕೆ ನಗಲಿಲ್ಲ. ನಮ್ಮದೂ ಸುಟ್ಟಿದೆ, ಕಣ್ಣಿನವರು ಕಾದಿದ್ದಾರೆ ಎಂದ. ಲೆಪಾನಿ ಮತ್ತೆ ಮಾತಾಡಿದಾಗ ದನಿಯಲ್ಲಿ ಆಟವಿರಲಿಲ್ಲ.

“ಎಷ್ಟ್ ಜನ ಇದ್ದಾರೆ?”

“ಸಭೆ ಮನೆ ತುಂಬ.”

“ಬರ್ತೀನಿ.”

“ಮೀನಿನ ಗತಿ?”

“ಐಸ್ ಇದೆ. ನೋಡ್ಕೋತೀವಿ. ಬಿಡು.”

ಈ ಸೆಖೆಯಲ್ಲಿ ಐಸು ಸುವಾ ಮುಟ್ಟುವವರೆಗೆ ಉಳಿಯುವುದಿಲ್ಲವೆಂದು ಇನೋಕೆಗೆ ಗೊತ್ತಿತ್ತು. ತಂಪು ಕೋಣೆಯಲ್ಲಿರುವುದು ಯಾರ ಮೀನೆಂಬುದೂ ಗೊತ್ತಿತ್ತು. ಮತಾಸಾವಾದ ಗಂಡಸರು ಹವಳದ ಬಂಡೆಯಾಚೆ ರಾತ್ರಿಯೆಲ್ಲ ಬಲೆ ಹಿಡಿದು ಸೇರಿಸಿದ್ದು. ನಿಜವಾಗಿ ಉಳಿಯುತ್ತಾ, ನಿನ್ನ ಕ್ಯಾಪ್ಟನ್ನಿಗೆ ಹೇಳಿದೆಯಾ ಎಂದು ಇನ್ನೊಮ್ಮೆ ಕೇಳಬೇಕಿತ್ತು. ಕೇಳಿದರೆ ಲೆಪಾನಿ ನಿಜ ಹೇಳಿಬಿಡುತ್ತಾನೆ ಎಂಬ ಹೆದರಿಕೆಯಿಂದ ಅವನು ಕೇಳಲಿಲ್ಲ. “ವಿನಾಕಾ, ಭಾವ,” ಎಂದು ಧನ್ಯವಾದ ಹೇಳಿ ಸ್ವಿಚ್ಚು ಬಿಟ್ಟ.

ಸಂಜೆಗೆ ಮುಂಚೆ, ಅಲೆಗಳ ಮೇಲೆ ಎದ್ದು ಬಿದ್ದು ಒಂದು ಫೈಬರ್ ದೋಣಿ ಬಂತು. ಲೆಪಾನಿ ತಲೆಯಿಂದ ಕಾಲಿನವರೆಗೆ ತೊಯ್ದಿದ್ದ. ಕಾರ್ಡು ಮಾತ್ರ ಬಿಸ್ಕತ್ತಿನ ಡಬ್ಬದಲ್ಲಿ, ಅವನ ಭಾನುವಾರದ ಬಿಳಿ ಅಂಗಿಯೊಳಗೆ ಬೆಚ್ಚಗಿತ್ತು.

“ಅಂಗಿ ಇಸ್ತ್ರಿ ಮಾಡಿ ವಾಪಸ್ ಕೊಡ್ಬೇಕು,” ಎಂದ.

ಇಬ್ಬರೂ ಸೇರಿ ಕಾರ್ಡು ಕೂರಿಸಿದರು. ಗಾಳಿ ಬರುವ ಜಾಲರಿಗೆ ಅಂಟಿದ್ದ ಉಪ್ಪು ದೂಳನ್ನು ಲೆಪಾನಿಯೇ ತಿಕ್ಕಿ ತೆಗೆದ. ಇನೋಕೆ ಸ್ವಿಚ್ಚು ಒತ್ತಿದ. ಫ್ಯಾನು ತಿರುಗಿತು, ಜೀರುಂಡೆ ಮತ್ತೆ ಹಾಡತೊಡಗಿತು, ಮೇಲಿನ ಡೆಕ್ಕಿನಿಂದ ನರ್ಸುಗಳು ಹೋ ಎಂದರು. ಊಟ ಮಾಡಿ ಹೋಗು ಎಂದರೆ ಲೆಪಾನಿ ಒಪ್ಪಲಿಲ್ಲ, ಬೆಳಕಿರುವಾಗಲೇ ಬಂಡೆ ದಾಟಬೇಕು ಎಂದ. ಹಗ್ಗದ ಏಣಿ ಇಳಿಯುವಾಗ ಇನೋಕೆ ಅವನ ಕಡೆ ಬಾಗಿದ. ಮೀನಿನ ಮಾತು ನಾಲಗೆಯ ತುದಿಗೆ ಬಂತು. “ಹುಷಾರು,” ಎಂದಷ್ಟೇ ಹೇಳಿದ.

ಡಾಕ್ಟರು ಅವತ್ತು ದೀಪ ಹಾಕಿಕೊಂಡು, ಮಾರನೆಯ ದಿನ ಇಡೀ ಹಗಲು, ಊಟಕ್ಕೂ ಸರಿಯಾಗಿ ಕೂರದೆ ಕೆಲಸ ಮಾಡಿದರು. ಹೊರಡುವ ಬೆಳಿಗ್ಗೆ ಕಣ್ಣಿನ ಪಟ್ಟಿ ಬಿಚ್ಚಿದಾಗ ತಾರೈವಿನಿ ಯಾರ ಮುಖವನ್ನೂ ನೋಡದೆ ಮೊದಲು, “ತಗೊಂಡ್ ಬಾ,” ಎಂದು ಸೊಸೆಗೆ ಹೇಳಿ ಚಾಪೆ ಹಾಸಿಸಿಕೊಂಡಳು. ಬಗ್ಗಿ ನೋಡಿದಳು. ಕರಿಯ ಪಟ್ಟಿ ನಡುವಿನಿಂದ ಹೊರಟು ಕುಡಿದವನ ಹಾಗೆ ಮೂಲೆಗೆ ಹೋಗಿತ್ತು.

“ಇದು ಚೆನ್ನಾಗಿದೆಯೇನೇ? ಇದು? ಇಂಥಾ ಚಾಪೆ ಮೂರು ಮದುವೆಗೆ ಕೊಟ್ಟಿದೀನಲ್ಲೇ!”

ಸೊಸೆ ಬಾಯಿಗೆ ಕೈ ಒತ್ತಿಕೊಂಡು ನಕ್ಕೂ ನಕ್ಕೂ ಅತ್ತಳು. ಡಾಕ್ಟರೂ ನಕ್ಕರು. ಇಡೀ ಹಡಗಿನಲ್ಲಿ ನಗದವನು ಇನೋಕೆ ಒಬ್ಬನೇ. ಅಜ್ಜಿಯ ಹೊಸ ಕಣ್ಣು ಅವನನ್ನೇ ಹುಡುಕಿತು.

“ಬೂಟ್ಸಿನೋನು ನೀನೇನಾ? ಯಾಕೋ ಮಗಾ, ಮನೇಲಿ ಯಾರಾದ್ರೂ ಹೋಗ್ಬಿಟ್ರಾ?”

ಸುವಾ ಮುಟ್ಟಿದ ದಿನವೇ ಅವನಿಗೆ ಸುದ್ದಿ ಸಿಕ್ಕಿತು. ಗಾಳಿಗೆ ಹೆದರಿ ಫೆರಿ ಒಂದು ದ್ವೀಪದ ಮರೆಯಲ್ಲಿ ನಿಲ್ಲಬೇಕಾಯಿತು. ಐಸು ಅಲ್ಲಿಯೇ ಕರಗಿ ನೀರಾಯಿತು. ವಾಲು ಬೇಯಲ್ಲಿ ತಂಪು ಕೋಣೆಯ ಬಾಗಿಲು ತೆಗೆದವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರಂತೆ. ಅಷ್ಟೂ ಮೀನನ್ನು ಲಾರಿಗೆ ತುಂಬಿ ಹೂಳಿಸಿದರು. ಕಾರ್ಡು ತೆಗೆದದ್ದನ್ನು ಲೆಪಾನಿ ತನ್ನ ಕ್ಯಾಪ್ಟನ್ನಿಗೂ ಹೇಳಿರಲಿಲ್ಲ. ಕೇಳಿದಾಗ, ತೆಗೆದವನು ನಾನೇ ಎಂದಷ್ಟೇ ಹೇಳಿ, ಯಾರು ಕೇಳಿದರು, ಯಾಕೆ ಕೇಳಿದರು ಎಂಬುದನ್ನು ಬಾಯಿಬಿಡಲಿಲ್ಲ. ಅವನನ್ನು ಕೆಲಸದಿಂದ ತೆಗೆದು ಹಡಗಿನಿಂದ ಇಳಿಸಿದರು.

ಇನೋಕೆ ಮೊದಲು ಸ್ಟೋರಿಗೆ ಹೋಗಿ ದೇವನ್ ಮುದುಕನ ಕೈ ಹಿಡಿದು ನಡೆದದ್ದನ್ನು ಹೇಳಿದ. ದೇವನ್, “ಹಾಗಾದ್ರೆ ನಂಗೆ ಅರಳುಮರಳು ಆಗಿಲ್ಲ?” ಎಂದ. ಅವನ ಮುಖದಲ್ಲಿ ಕಂಡ ನಿರಾಳತೆ ಇನೋಕೆಯನ್ನು ಇನ್ನಷ್ಟು ಕುಗ್ಗಿಸಿತು. ಅಲ್ಲಿಂದ ಫೆರಿಯ ಕಚೇರಿಗೆ ಹೋಗಿ ಲೆಪಾನಿಯ ಪರವಾಗಿ ಹೇಳಿದ. ಅವರು ಕೇಳಿಸಿಕೊಂಡರು, ಆದರೆ ಮನಸ್ಸು ಬದಲಿಸಲಿಲ್ಲ.

ಕೊನೆಗೆ ಸುವಾದಲ್ಲೇ ಇದ್ದ ಲೆಪಾನಿಯ ಮನೆಗೆ ಹೋದ. ಅಣ್ಣತಂಗಿಯರು ದೊಡ್ಡವರಾದ ಮೇಲೆ ಮುಖ ಕೊಟ್ಟು ಮಾತಾಡುವ ಪದ್ಧತಿ ಅವರಲ್ಲಿಲ್ಲ. ವಾಸಿತಿ ಒಲೆಯ ಮೇಲಿನ ಪಾತ್ರೆಗೆ ಹೇಳುವವಳಂತೆ ಬೆನ್ನು ತಿರುಗಿಸಿ ಹೇಳಿದಳು:

“ಮೀನು ನಮ್ಮ ಮನೇದಲ್ಲ. ನನ್ ಗಂಡನ ಹತ್ರ ಬಂದು ತಲೆ ಬಗ್ಗಿಸಿದ್ರೆ ಏನ್ ಬಂತು? ಬಲೆ ಎಳೆದೋರು ಮತಾಸಾವಾದಲ್ಲಿದ್ದಾರೆ.”

ಲೆಪಾನಿ ಮೂಲೆಯಲ್ಲಿ ಕೂತು ಬೆಂಚಿನ ಕಾಲು ಸರಿಮಾಡುತ್ತಿದ್ದ. “ಅವಳು ಹೇಳೋದು ಸರಿ,” ಎಂದ. “ನಂಗೂ ಒಬ್ನೇ ಹೋಗಕ್ಕೆ ಮುಖ ಇಲ್ಲ. ಇಬ್ರೂ ಹೋಗೋಣ.”

ಹಬ್ಬ ಕಳೆದ ಮೇಲೆ ಸಿಕ್ಕ ಮೊದಲ ದೋಣಿಯಲ್ಲಿ ಹೊರಟರು. ಇನೋಕೆಯ ತಂದೆ ಜೋಪಾನ ಮಾಡಿಟ್ಟಿದ್ದ ತಿಮಿಂಗಿಲದ ಹಲ್ಲು, ನೀರಲ್ಲಿ ಕಲಸಿ ಕುಡಿಯುವ ಯಂಗೋನ ಬೇರಿನ ಕಟ್ಟು, ಒಂದು ಕ್ಯಾನು ಸೀಮೆಎಣ್ಣೆ ಅವರ ಜೊತೆಗಿದ್ದವು. ದೊಡ್ಡ ತಪ್ಪಿಗೆ ಕ್ಷಮೆ ಕೇಳಲು ತಿಮಿಂಗಿಲದ ಹಲ್ಲಿಗಿಂತ ಕಡಿಮೆಯದನ್ನು ಹಿಡಿದು ಯಾರೂ ಹೋಗುವುದಿಲ್ಲ.

ಮತಾಸಾವಾದ ಮೀನುಗಾರರ ಸಂಘದ ಹಿರಿಯ ರುಸಿಯಾತೆ. ಬಂಡೆಯಂಥ ಆಳು, ಬಲೆಯ ಹಗ್ಗದಿಂದ ಗೀರಿದ ಅಂಗೈಗಳು. ಅವನ ಮನೆಯಲ್ಲಿ ಗಂಡಸರೆಲ್ಲ ಸಾಲಾಗಿ ಕೂತಿದ್ದರು. ಇನೋಕೆ ಬಾಗಿಲಿನಿಂದ ಮಂಡಿಯೂರಿಕೊಂಡೇ ಒಳಬಂದು, ಹಲ್ಲನ್ನು ಎರಡೂ ಕೈಯಲ್ಲಿ ಹಿಡಿದು ತಲೆ ತಗ್ಗಿಸಿದ. ಕಾರ್ಡು ಕೊಟ್ಟದ್ದು, ಮುಚ್ಚಿಟ್ಟದ್ದು, ರೇಡಿಯೋದಲ್ಲಿ ಎರಡನೆಯ ಸಲ ಕೇಳದೇ ಇದ್ದದ್ದು, ಎಲ್ಲವನ್ನೂ ಹೇಳಿದ. ಕೊನೆಯದನ್ನು ಲೆಪಾನಿಯೂ ಮೊದಲ ಸಲ ಕೇಳುತ್ತಿದ್ದ. ಅವನು ಇನೋಕೆಯ ಕಡೆ ತಿರುಗಲಿಲ್ಲ.

ರುಸಿಯಾತೆ ಕೈ ಚಾಚಿ ಹಲ್ಲನ್ನು ತೆಗೆದುಕೊಂಡ. ತೆಗೆದುಕೊಂಡ ಮೇಲೆ ತಪ್ಪು ಮಣ್ಣಾದಂತೆ. ಯಾರೂ ಮತ್ತೆ ಎತ್ತಬಾರದು. ಸಾಲಿನಿಂದ ಒಂದು ನಿಟ್ಟುಸಿರು ಹೊರಟಿತು. ಯಂಗೋನ ಕಲಸಿದರು, ಚಪ್ಪಾಳೆ ತಟ್ಟಿದರು, ತೆಂಗಿನ ಚಿಪ್ಪು ಕೈಯಿಂದ ಕೈಗೆ ಹೋಯಿತು. ಆಮೇಲೆ ರುಸಿಯಾತೆ, ಸಿಟ್ಟಿಲ್ಲದ ದನಿಯಲ್ಲಿ, ಲೆಪಾನಿಯನ್ನು ಕೇಳಿದ.

“ಅವತ್ತು ನೀನು ದೋಣಿ ಇಳಿಸುವಾಗ ನಾನು ದಡದಲ್ಲೇ ಬಲೆ ಒಣಗ್ಸ್ತಿದ್ದೆ. ನೋಡ್ದೆ. ಕೈ ಎತ್ತಿದೆ ನೀನು. ನೆನಪಿದೆಯಾ?”

“ಇದೆ, ದೊಡ್ಡಪ್ಪ.”

“ಯಾಕೋ ಕೇಳ್ಲಿಲ್ಲ? ಹೀಗೀಗೆ, ಕಣ್ಣಿಲ್ದೋರು ಕಾಯ್ತಿದಾರೆ, ನಿಮ್ ಮೀನು ಹಾಳಾಗುತ್ತೆ, ಏನ್ ಮಾಡ್ಲಿ ಅಂತ ಒಂದ್ ಮಾತು?” ಅವನು ಇನೋಕೆಯ ಕಡೆಗೂ ನೋಡಿದ. “ನೀನೂನೂ. ರೇಡಿಯೋ ಇತ್ತಲ್ಲ. ಕೇಳಿದ್ರೆ ಕೊಡ್ತಿದ್ವಿ. ಮೀನಲ್ವಾ ಅದು? ಮತ್ತೆ ಸಿಗುತ್ತೆ. ಒಣಗಿಸ್ತಿದ್ವಿ, ಹೊಗೆ ಹಾಕ್ತಿದ್ವಿ, ಅರ್ಧ ಆದ್ರೂ ಉಳೀತಿತ್ತು. ಹಂಚಿ ತಿಂತಿದ್ವಿ. ಕೊಟ್ವಿ ಅನ್ನೋ ಸಂತೋಷ ಆದ್ರೂ ನಮಗೆ ಸಿಕ್ತಿತ್ತು. ಅದನ್ನೂ ಕಿತ್ಕೊಂಡ್ಬಿಟ್ರಿ.”

ಹೊರಗೆ ಹೆಂಗಸರು ತೆಂಗಿನಕಾಯಿ ತುರಿಯುವ ಸದ್ದು ಕೇಳುತ್ತಿತ್ತು. ಇಷ್ಟು ದಿನ ಇನೋಕೆ ತನ್ನ ತಪ್ಪನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ್ದ. ಈ ಜನರಿಗೆ ಕೊಡುವ ಕೈಯೂ ಇತ್ತು ಎಂಬುದು ಒಂದು ಸಲವೂ ಹೊಳೆದಿರಲಿಲ್ಲ.

ರುಸಿಯಾತೆ ತೊಡೆಗೆ ಕೈ ಊರಿ ಎದ್ದ. “ಆಯ್ತು. ಮಣ್ಣು ಮುಚ್ಚಿದ್ಮೇಲೆ ಮುಚ್ಚಿತು. ಊಟ ಮಾಡಿ.”

ಬೆಳಿಗ್ಗೆ ಹಿಡಿದ ಅಂಜಲ್ ಮೀನನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ತಂದು ನಡುವಿಗಿಟ್ಟರು. ಮೀನಿನ ತಲೆ ಗೌರವದ ಪಾಲು. ರುಸಿಯಾತೆಯ ಹೆಂಡತಿ ಅದನ್ನು ಎತ್ತಿ ಇನೋಕೆಯ ತಟ್ಟೆಗೆ ಹಾಕಿದಳು. ಬೇಡವೆನ್ನುವಂತಿರಲಿಲ್ಲ. ಇನೋಕೆ ತಲೆ ತಗ್ಗಿಸಿ, ಸುತ್ತಲಿನವರು ಕೆಸುವಿನ ಗೆಡ್ಡೆ ಮುರಿಯುತ್ತ ನಾಳೆಯ ಗಾಳಿಯ ಬಗ್ಗೆ ಮಾತಾಡುತ್ತಿರುವಾಗ, ಮುಳ್ಳು ಮುಳ್ಳಿನ ಸಂದಿಯಿಂದಲೂ ಬಿಡಿಸಿ, ಒಂದು ಚೂರೂ ಉಳಿಯದ ಹಾಗೆ ತಿಂದ.